ಡ್ರೈವರ್ ಮೂಸಬಹುದು

ಕಾರು ತಾನೇ ಓಡಿಸುತ್ತೇನೆಂದು ರಾಜಶೇಖರ ಎರಡು ವಾರ ಮೊದಲೇ ಹೇಳಿಬಿಟ್ಟಿದ್ದ. ಎಸ್ಕಿಲ್‌ಸ್ಟುನಾದ ಆಚೆಯ ಹಳ್ಳಿಗಳಲ್ಲಿ ಸೇಬಿನ ಸೈಡರ್ ಮಾಡುವ ಒಂದು ತೋಟ, ಅದರಾಚೆ ಒಂದು ಸಾರಾಯಿ ಭಟ್ಟಿ, ಎರಡನ್ನೂ ಸುತ್ತಿ ರುಚಿ ನೋಡಿಕೊಂಡು ಬರೋಣವೆಂದು ಕರಾವಳಿಯ ಗೆಳೆಯ ವಿಕ್ಟರ್ ಶನಿವಾರಕ್ಕೆ ಗೊತ್ತುಮಾಡಿದ್ದ. ಸ್ವೀಡನ್ನಿನಲ್ಲಿ ಒಂದು ಲೋಟ ಕುಡಿದು ಸ್ಟಿಯರಿಂಗ್ ಹಿಡಿದರೂ ಲೈಸೆನ್ಸಿಗೆ ಸಂಚಕಾರ. ಹಾಗಾಗಿ ಓಡಿಸುವವನಿಗೆ ಯಾರೂ ಕುಡಿ ಎನ್ನುವುದಿಲ್ಲ, ಹೇಗಿದೆ ಎಂದೂ ಕೇಳುವುದಿಲ್ಲ. ಅವನಿಗೆ ಬೇಕಾಗಿದ್ದುದು ಅಷ್ಟೇ.

ಜನವರಿಯಲ್ಲಿ ಬಂದ ಜ್ವರ ಹೋಗುವಾಗ ಅವನ ಮೂಗಿನ ಕಸುವನ್ನೂ ಹೊತ್ತುಕೊಂಡು ಹೋಗಿತ್ತು. ಎಂಟು ತಿಂಗಳಾಯಿತು. ಕಾಫಿಯೆಂದರೆ ಕಹಿ ಬಿಸಿನೀರು. ಸಾರಿನಲ್ಲಿ ಹುಳಿ, ಉಪ್ಪು, ಖಾರ ತಿಳಿಯುತ್ತಿತ್ತು, ಸಾರು ತಿಳಿಯುತ್ತಿರಲಿಲ್ಲ. ಹೆಂಡತಿ ರಮಾಗೂ ಅವನು ಹೇಳಿರಲಿಲ್ಲ.

ಹೇಳದಿರಲು ಕಾರಣ ಕೆಲಸ. ವೆಸ್ಟೆರಾಸ್‌ನ ವಿದ್ಯುತ್ ಕಂಪನಿಯೊಂದರ ಟೆಸ್ಟ್ ಲ್ಯಾಬಿನಲ್ಲಿ ಅವನಿಗೂ ವಿಕ್ಟರ್‌ಗೂ ಒಂದೇ ಶಿಫ್ಟು. ಉಪಕರಣಗಳಿಗೆ ಭಾರೀ ಕರೆಂಟು ಹಾಯಿಸಿ ಪರೀಕ್ಷಿಸುವ ಜಾಗ ಅದು. ಅಲ್ಲಿ ಎಷ್ಟೋ ಸಲ ಮೀಟರಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ, ಏನೋ ಸುಡುತ್ತಿದೆ ಎಂದು. ಏಪ್ರಿಲ್‌ನಲ್ಲಿ ಆರೋಗ್ಯದ ಫಾರಂ ಬಂದಾಗ, ವಾಸನೆ ಸರಿಯಾಗಿ ತಿಳಿಯುತ್ತದೆಯೇ ಎಂಬಲ್ಲಿ ಅವನು ಹೌದು ಎಂದು ಗುರುತು ಹಾಕಿದ್ದ. ಊರಲ್ಲಿ ಹಗಲು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾ ಮಾಡಿದವನು. ಲ್ಯಾಬಿನಿಂದ ತೆಗೆದರೆ ಬೇರಾರೂ ತನ್ನನ್ನು ತೆಗೆದುಕೊಳ್ಳರು, ಕೆಲಸ ಹೋದರೆ ಇಲ್ಲಿರುವ ಪರ್ಮಿಟ್ಟೂ ಹೋಯಿತು ಎಂದು ಲೆಕ್ಕ ಹಾಕಿಯೇ ಆ ಗುರುತು ಹಾಕಿದ್ದು. ಮೊದಮೊದಲು ಅದನ್ನು ನೆನೆದು ಎದೆ ಹೊಡೆದುಕೊಳ್ಳುತ್ತಿತ್ತು. ಈಚೆಗೆ ಅದೂ ಇಲ್ಲ. ಜೋಮು ಹಿಡಿದ ಕಾಲಿನ ಮೇಲೆ ಕೂತವನ ಹಾಗೆ ಸುಮ್ಮನೆ ಕೂತಿದ್ದ.

ಮೊದಲ ತೋಟದಲ್ಲಿ ಅವನ ಉಪಾಯ ಫಲಿಸಿತು. ಉಳಿದ ಮೂವರಿಗೆ ಸೈಡರ್ ಬಂತು, ಅವನಿಗೆ ಹುಳಿ ಬರಿಸದ ಸೇಬಿನ ರಸ. ಅದಕ್ಕೆ ಇಲ್ಲಿನವರು ಮುಸ್ತ್ ಎನ್ನುತ್ತಾರೆ.

“ಮುಸ್ತ್ ಮಸ್ತಾಗಿದ್ಯಾ ರಾಜಣ್ಣ?” ವಿಕ್ಟರ್‌ನ ಹೆಂಡತಿ ವೆನಿಸಾ ಕೇಳಿದಳು.

“ಮಸ್ತಾಗಿದೆ,” ಅಂದ. ಸಿಹಿಯಿತ್ತು, ತಣ್ಣಗಿತ್ತು. ಸುಳ್ಳೇನಲ್ಲ.

ರಮಾ ಅವನನ್ನೊಮ್ಮೆ ನೋಡಿ ಸೇಬಿನ ಗಿಡಗಳತ್ತ ತಿರುಗಿದಳು. ಈ ವರ್ಷವೆಲ್ಲ ಅವಳು ಹಾಗೆಯೇ, ಒಮ್ಮೆ ನೋಡಿ ತಿರುಗುವುದು.

ಭಟ್ಟಿ ಇದ್ದದ್ದು ಹಳೆಯ ದನದ ಕೊಟ್ಟಿಗೆಯಲ್ಲಿ. ತಾಮ್ರದ ಹಂಡೆಗಳನ್ನು ತೋರಿಸಿ, ಬಿಳಿ ಜಡೆಯ ಒಡತಿ ಉದ್ದನೆಯ ಮೇಜಿನ ಮೇಲೆ ಪುಟ್ಟ ಗ್ಲಾಸುಗಳನ್ನು ಸಾಲಾಗಿ ಇಟ್ಟಳು. ಎಲ್ಲವೂ ನೀರಿನಂತೆ ತಿಳಿ. ಪ್ರತಿಯೊಂದರ ಮುಂದೆ ಏನು ಹಾಕಿದೆಯೆಂದು ಕೈಬರಹದ ಚೀಟಿ. ಹಿಂದೆ ಸರಿದು ನಿಂತಿದ್ದ ರಾಜಶೇಖರನನ್ನು ಅವಳು ಕೈಬೀಸಿ ಕರೆದಳು.

“ಡ್ರೈವರ್ ಮೂಸಬಹುದು. ಅದಕ್ಕೆ ಪೊಲೀಸರ ತಕರಾರಿಲ್ಲ,” ಎಂದು ಸ್ವೀಡಿಷ್‌ನಲ್ಲಿ ಹೇಳಿ ನಕ್ಕಳು.

“ಇವ್ರ ಮೂಗು ಅಂದ್ರೆ ಸಾಮಾನ್ಯ ಅಲ್ಲ ಮಾರಾಯ್ರೆ, ನಮ್ಮ ಲ್ಯಾಬಿನ ಅಲಾರ್ಮ್ ಅದು!” ಎಂದ ವಿಕ್ಟರ್ ಮೊದಲನೇ ಗ್ಲಾಸನ್ನು ಅವನ ಕೈಗಿಟ್ಟ. “ಹೇಳಿ ರಾಜಣ್ಣ, ಇದ್ರಲ್ಲಿ ಏನುಂಟು?”

ಗ್ಲಾಸು ಮೂಗಿನ ಬಳಿ ಬಂದಾಗ ಹೊಳ್ಳೆಯೊಳಗೆ ಸ್ವಲ್ಪ ಉರಿಯಿತು. ಮತ್ತೇನೂ ಇಲ್ಲ. ಕಣ್ಣನ್ನು ಮೆಲ್ಲಗೆ ಚೀಟಿಯ ಮೇಲೆ ಹಾಯಿಸಿದ. ಕುಮ್ಮಿನ್ ಎಂದಿತ್ತು.

“ಜೀರಿಗೆ,” ಅಂದ. ಅಷ್ಟಕ್ಕೇ ಬಿಟ್ಟಿದ್ದರಾಗುತ್ತಿತ್ತೇನೋ. “ಘಮ್ಮಂತಿದೆ. ತುಪ್ಪದ ಒಗ್ಗರಣೆ ಥರ.”

“ಏನಂದ್ರಿ?” ರಮಾ ಕೇಳಿದಳು.

“ಜೀರಿಗೆ.”

ಅವಳು ಗ್ಲಾಸು ತೆಗೆದುಕೊಂಡು ಮೂಸಿದಳು. ಗಂಡನ ಮುಖ ನೋಡಿದಳು. ಈ ಸಲ ತಿರುಗಲಿಲ್ಲ.

ಆರು ವರ್ಷದ ಕೆಳಗೆ ಇಲ್ಲಿಗೆ ಬಂದ ಮೊದಲ ವಾರ ಜೀರಿಗೆಯೆಂದು ಕುಮ್ಮಿನ್ ಪೊಟ್ಟಣ ತಂದವನು ಅವನೇ. ನೋಡಲು ಥೇಟ್ ಜೀರಿಗೆ. ಆದರೆ ಅದು ಇಲ್ಲಿನವರು ರೊಟ್ಟಿಗೂ ಸಾರಾಯಿಗೂ ಹಾಕುವ ಬೇರೆಯೇ ಕಾಳು. ನಮ್ಮ ಜೀರಿಗೆಗೆ ಅವರದು ಸ್ಪಿಸ್‌ಕುಮ್ಮಿನ್. ಅಂದಿನ ಸಾರು ಟೂತ್‌ಪೇಸ್ಟ್ ಕದಡಿದಂತಾಗಿತ್ತು. ಅಷ್ಟನ್ನೂ ಸಿಂಕಿಗೆ ಸುರಿದರೂ ಮನೆಯಿಂದ ಮೂರು ದಿನ ವಾಸನೆ ಹೋಗಿರಲಿಲ್ಲ. ರಮಾ ಅವನನ್ನು ಒಂದು ವರ್ಷ ‘ಕುಮ್ಮಿನ್ ರಾಯರೇ’ ಎಂದೇ ಕರೆದಿದ್ದಳು. ಚೀಟಿ ಓದುವ ಅವಸರದಲ್ಲಿ ಅವನಿಗೆ ಅದು ಮರೆತುಹೋಗಿತ್ತು, ಆದರೆ ಮೂಗಿರುವ ಮನುಷ್ಯ ಆ ತಪ್ಪನ್ನು ಎರಡನೇ ಸಲ ಮಾಡಲಾರ.

ವೆನಿಸಾ ಒಡತಿಯ ಜೊತೆ ಪಕ್ಕದ ಅಂಗಡಿಗೆ ಸೇಬು ಕೊಳ್ಳಲು ಹೋದಳು. ರಮಾ ಮೇಜಿನ ತುದಿಯಲ್ಲಿ ಏನೋ ಬಗ್ಗಿಸಿಕೊಂಡು ಬಂದು, ಇನ್ನೊಂದು ಗ್ಲಾಸು ಅವನ ಮುಂದೆ ಹಿಡಿದಳು. ಚೀಟಿಯಿರಲಿಲ್ಲ.

“ಇದು?”

ಅವನು ಮೂಸಿದ. ಉರಿಯಲೂ ಇಲ್ಲ. “ನಿಂಬೆ ಸಿಪ್ಪೆ ಥರ... ಲೈಟಾಗಿ,” ಅಂದ.

“ನೀರು ರೀ. ಗ್ಲಾಸ್ ತೊಳ್ಯೋಕೆ ಇಟ್ಟಿರೋ ಜಗ್ಗಿಂದು.”

ವಿಕ್ಟರ್ ನಗಲು ಬಾಯಿ ತೆರೆದವನು ಹಾಗೇ ನಿಂತ.

“ಯಾವಾಗಿಂದ?” ರಮಾ ಕೇಳಿದಳು.

“ಜನವರಿಯಿಂದ.”

“ಯುಗಾದಿ ದಿನ ಒಗ್ಗರಣೆ ಸೀದುಹೋಗಿತ್ತು. ಬೇಕಂತ್ಲೇ ಹಾಗೇ ಬಡಿಸ್ದೆ, ಬೈಲಿ ಅಂತ. ಚೆನ್ನಾಗಿದೆ ಅಂದ್ರಿ.” ಅವಳು ನೀರಿನ ಗ್ಲಾಸನ್ನು ಮೇಜಿನ ಮೇಲಿಟ್ಟಳು. “ಬೈಯೋಷ್ಟೂ ನಾನು ಬೇಡವಾದ್ನೇನೋ ಅಂದ್ಕೊಂಡಿದ್ದೆ.”

ಅವನಿಗೆ ಏನಾದರೂ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ತಾಮ್ರದ ಹಂಡೆಯ ಹೊಟ್ಟೆಯಲ್ಲಿ ಮೂವರೂ ಉದ್ದುದ್ದಕ್ಕೆ ಕಾಣುತ್ತಿದ್ದುದನ್ನು ನೋಡಿದ.

“ರಾಜಣ್ಣ,” ವಿಕ್ಟರ್ ಈಗ ಮೆಲ್ಲಗೆ ಮಾತಾಡಿದ. “ಹೋದ ತಿಂಗ್ಳು ಕೇಬಲ್ ಜಾಯಿಂಟ್ ಸುಡ್ತಾ ಇತ್ತಲ್ಲ, ನಾನು ಹೊರಗಿಂದ ಬಂದು ಆಫ್ ಮಾಡಿದ್ದು. ನೀವು ಈಗಷ್ಟೇ ಬಂದೆ ಅಂದಿದ್ರಿ.”

“ಹತ್ತು ನಿಮಿಷದಿಂದ ಅದರ ಪಕ್ಕದಲ್ಲೇ ನಿಂತಿದ್ದೆ.”

“ಅದಾದ ಮೇಲೆ ಎಷ್ಟು ಸಲ ನಾನು ನಿಮ್ಮನ್ನ ನಂಬಿ ಟೆಸ್ಟ್ ರೂಮಿನೊಳಗೆ ಹೋಗಿದ್ದೇನೆ?”

ರಾಜಶೇಖರ ಎಣಿಸಲು ನೋಡಿದ. ಒಂಬತ್ತೋ ಹತ್ತೋ. ಪ್ರತಿ ಸಲವೂ ಏನೂ ಸುಡುತ್ತಿಲ್ಲವೆಂದು ಅವನೇ ಹೆಬ್ಬೆರಳೆತ್ತಿ ಒಳಗೆ ಕಳಿಸಿದ್ದು. ಪರ್ಮಿಟ್ಟಿನ ಲೆಕ್ಕ ಹಾಕುವಾಗ ಆ ಹೆಬ್ಬೆರಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

“ನನ್ನ ಹತ್ರ ಆದ್ರೂ ಹೇಳ್ಬಹುದಿತ್ತು,” ಎಂದು ವಿಕ್ಟರ್ ಹೊರಗೆ ಹೋದ. ಅವನ ಪಾಲಿನ ಗ್ಲಾಸುಗಳು ಮುಟ್ಟದೆ ಉಳಿದವು.

ಕಾರಿನಲ್ಲಿ ಬರುವಾಗ ಮುಂದೆ ಕೂತಿದ್ದ ವಿಕ್ಟರ್ ಈಗ ಹಿಂದೆ ಕೂತ. ವೆನಿಸಾ ಇನ್ನೂ ಬಂದಿರಲಿಲ್ಲ. ರಾಜಶೇಖರ ಕೀ ತಿರುಗಿಸದೆ ಫೋನು ತೆಗೆದು, ಲ್ಯಾಬಿನ ಮುಖ್ಯಸ್ಥೆಗೆ ಸ್ವೀಡಿಷ್‌ನಲ್ಲಿ ಬರೆಯತೊಡಗಿದ. ವ್ಯಾಕರಣ ಸರಿಯಿದೆಯೋ ಎಂದು ಮೂರು ಸಲ ಓದಿದ. ಜನವರಿಯಿಂದ ನನಗೆ ವಾಸನೆ ತಿಳಿಯುವುದಿಲ್ಲ. ಏಪ್ರಿಲ್‌ನ ಫಾರಂನಲ್ಲಿ ಸುಳ್ಳು ಬರೆದೆ. ಸೋಮವಾರ ನನ್ನನ್ನು ಟೆಸ್ಟಿಗೆ ಹಾಕಬೇಡಿ. ಕೊನೆಗೆ ಕ್ಷಮಿಸಿ ಎಂದು ಸೇರಿಸಿದ. ಅದು ವಿಕ್ಟರ್‌ಗೆ ಹೇಳಬೇಕಾದ್ದು ಅನ್ನಿಸಿ ಅಳಿಸಿದ.

ಕಳಿಸುವ ಮೊದಲು ಫೋನನ್ನು ಪಕ್ಕದ ಸೀಟಿನಲ್ಲಿದ್ದ ರಮಾಳತ್ತ ಚಾಚಿದ. ಅವಳು ಓದಿ ವಾಪಸು ಕೊಟ್ಟಳು. “ಒಂದು ಸ್ಪೆಲ್ಲಿಂಗ್ ತಪ್ಪಿದೆ. ಪರವಾಗಿಲ್ಲ, ಕಳ್ಸಿ.”

ಕಳಿಸಿದ. ಕನ್ನಡಿಯಲ್ಲಿ ವಿಕ್ಟರ್‌ನ ಕಣ್ಣು ಹುಡುಕಿದ. “ಬರೆದಿದ್ದೀನಿ ವಿಕ್ಟರ್. ತಪ್ಪಾಯ್ತು.”

ವಿಕ್ಟರ್ ತಲೆಯಾಡಿಸಿದ. ಸರಿಯೆಂದೋ, ಕೇಳಿಸಿತೆಂದೋ, ತಿಳಿಯಲಿಲ್ಲ.

ವೆನಿಸಾ ಬುಟ್ಟಿ ತಬ್ಬಿಕೊಂಡು ಬಂದು ಹಿಂದೆ ಕೂತು ಬಾಗಿಲು ಎಳೆದುಕೊಂಡಳು.

“ಅಬ್ಬ, ಇಡೀ ಕಾರಲ್ಲಿ ಸೇಬಿಂದೇ ಪರಿಮಳ! ಅಲ್ವಾ ರಾಜಣ್ಣ?”

ಹೌದು ಎನ್ನುವುದು ನಾಲಿಗೆಯ ತುದಿಗೆ ತಾನಾಗಿ ಬಂದಿತ್ತು.

“ನಂಗೆ ಗೊತ್ತಾಗಲ್ಲ ವೆನಿಸಾ,” ಎಂದು ಕೀ ತಿರುಗಿಸಿದ.