ಐಸಿನಲ್ಲಿಟ್ಟ ರಕ್ತ

ದೇವದುರ್ಗದಿಂದ ಬಂದ ರಕ್ತದ ಟ್ಯೂಬಿನ ಮೇಲೆ ಅಮರಮ್ಮ ಎಂಬ ಹೆಸರು ಕಂಡೊಡನೆ ಕಲ್ಯಾಣಿಯ ಮೈ ಉರಿಯಿತು. ಉರಿಯದೆ ಏನಾದೀತು? ಗಂಡ ಅಂಬರೀಶ ಮೂವತ್ತೊಂದಕ್ಕೇ ಎದೆ ಹಿಡಿದುಕೊಂಡು ಸತ್ತಾಗ, ಓಣಿಯ ಮಂದಿಯ ಮುಂದೆ "ನನ್ನ ಮಗನ್ನ ತಿಂದಾಕಿ" ಎಂದು ಅವಳನ್ನೂ ಎರಡು ವರ್ಷದ ಕೂಸನ್ನೂ ಹೊರಹಾಕಿದ ಅತ್ತೆ ಇವಳೇ. ಮಾನ್ವಿಯ ತವರಿನಲ್ಲಿದ್ದು ಓದಿ, ರಾಯಚೂರಿನ ಲ್ಯಾಬಿನಲ್ಲಿ ಕೆಲಸ ಹಿಡಿದು, ಆರು ವರ್ಷವಾದರೂ ಆ ಮಾತು ಕಿವಿ ಬಿಟ್ಟಿರಲಿಲ್ಲ.

ಈಗ ಅತ್ತೆಗೂ ಎದೆನೋವು. ಡಾಕ್ಟರು ಹೋಮೋಸಿಸ್ಟೀನ್ ನೋಡಲು ಬರೆದಿದ್ದರು. ಅದೊಂದು ಅಮೈನೋ ಆಮ್ಲ. ಮಿತಿಮೀರಿದರೆ ರಕ್ತನಾಳದ ಒಳಗೋಡೆ ಕೆಡುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ. ಕೆಲವರಿಗೆ ಮನೆತನದಿಂದಲೇ ಬರುತ್ತದೆ. ಹದಿನೈದರೊಳಗಿರಬೇಕಾದದ್ದು ನಲವತ್ತೊಂದು ಬಂತು. ತಿಂದವರು ಯಾರೆಂದು ಇನ್ನು ಲೋಕಕ್ಕೇ ತಿಳಿಯಲಿ ಎಂದುಕೊಂಡಳು. ಆ ಅವಸರದಲ್ಲಿ ಮೊದಲೇ ಕೇಳಬೇಕಾದದ್ದನ್ನು ಆಮೇಲೆ ಕೇಳಿದಳು.

"ಐಸ್‌ನಾಗ ಇಟ್ಕೊಂಡು ತಂದಿ ಏನು?"

"ಅಂಗಿ ಕಿಸೆದಾಗ ಇಟ್ಕೊಂಡಿದ್ದೆ ಯಕ್ಕಾ, ಬಸ್ ಲೇಟಾತು" ಎಂದ ಟ್ಯೂಬು ತಂದಿದ್ದ ಮೈದುನ ಉಮೇಶ.

ಹಾಳಾಗಿ ಹೋಯಿತು. ಐಸಿಲ್ಲದಿದ್ದರೆ ಕೆಂಪುಕಣಗಳು ತಮ್ಮೊಳಗಿನ ಹೋಮೋಸಿಸ್ಟೀನನ್ನು ಹೊರಗೆ ಸಾಗಿಸುತ್ತಲೇ ಇರುತ್ತವೆ, ಅಂಕಿ ಸುಳ್ಳೇ ಏರುತ್ತದೆ. ರಿಪೋರ್ಟಿಗೆ ಸಹಿ ಹಾಕಿದ್ದರೆ ಕೇಳುವವರಿರಲಿಲ್ಲ. ಆದರೆ ಆರು ವರ್ಷ ಕಾದ ಸೇಡು ಸುಳ್ಳಿನದಾಗುವುದು ಅವಳಿಗೆ ಬೇಕಿರಲಿಲ್ಲ.

"ಇದು ನಡೆಯಂಗಿಲ್ಲ. ಅತ್ತಿನ್ನೇ ಕರಕೊಂಡು ಬಾ."

ಮರುದಿನ ಅಮರಮ್ಮ ಮುಖ ತಿರುಗಿಸಿಕೊಂಡೇ ತೋಳು ಚಾಚಿದಳು. ಕಲ್ಯಾಣಿ ರಕ್ತ ತೆಗೆದು, ಐಸಿನಲ್ಲಿಟ್ಟು, ತಡಮಾಡದೆ ಕಣಗಳನ್ನು ಬೇರ್ಪಡಿಸಿದಳು. ಮೂವತ್ತೆಂಟು. ಈ ಸಲ ನಿಜ.

ರಿಪೋರ್ಟ್ ಹಿಡಿದು ಅತ್ತೆ ಕೂತಿದ್ದ ಬೆಂಚಿನ ಬಳಿ ತಾನೇ ಹೋದಳು. ಕಾಯುತ್ತಿದ್ದವರೆಲ್ಲ ಕೇಳುವಂತೆ ಹೇಳಿದಳು: "ಇದು ಮನೆತನದ ಜಡ್ಡು. ನಿಮ್ಮ ಮಗನಿಗೆ ನಿಮ್ಮಿಂದನೇ ಬಂದಿರಬೇಕು. ಈಗ ಹೇಳ್ರಿ ಅತ್ತಿ, ಅವರನ್ನ ತಿಂದಾಕಿ ಯಾರು?"

ಗುಳಿಗೆಯಿಂದ ಇಳಿಯುವಂಥದ್ದು ಎಂಬುದನ್ನು ಬೇಕೆಂದೇ ಹೇಳಲಿಲ್ಲ. ಆರು ವರ್ಷದಲ್ಲಿ ಅಷ್ಟು ಹಿತವಾದ ಗಳಿಗೆ ಅವಳಿಗೆ ಸಿಕ್ಕಿರಲಿಲ್ಲ.

ಅಮರಮ್ಮ ಮೆಲ್ಲಗೆ ಕೇಳಿದಳು: "ನನ್ನಿಂದ ಅವಗ ಬಂದಿದ್ರ, ಅವನಿಂದ ಕೂಸಿಗೂ ಬಂದಿರ್ತದೇನವಾ?"

ನಿನ್ನೆಯಿಂದ ಅತ್ತೆಯ ಅಂಕಿಯನ್ನೇ ಜಪಿಸುತ್ತಿದ್ದ ಕಲ್ಯಾಣಿಗೆ ಮಗಳ ನೆನಪೇ ಬಂದಿರಲಿಲ್ಲ. ಮಗಳ ರಕ್ತವನ್ನೂ ನೋಡಬೇಕೆಂದು, ಅವಳನ್ನು ಕರೆತರಲು ಶಾಲೆಯತ್ತ ಹೊರಟಾಗ ಅಮರಮ್ಮನೂ ಎದ್ದು ಹಿಂದೆ ಬಂದಳು. ಕಲ್ಯಾಣಿ ಅತ್ತೆಗಾಗಿ ಹೆಜ್ಜೆ ನಿಧಾನ ಮಾಡಿದಳು.