ಮುಕ್ಕಾದ ಗಾಜು, ಗುಂಡಿಯಷ್ಟು ಚಂದ್ರ

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಅತ್ತೆ ಮೂರು ತಿಂಗಳು ಉಜ್ಜಿದ ಗಾಜು ಅದು. ಶಾಲೆಯ ದೂರದರ್ಶಕಕ್ಕೆಂದು ಹೆಡ್‌ಮೇಷ್ಟ್ರು ಕೇಳಿಕೊಂಡಿದ್ದರು. ಕೊನೆಯ ದಿನ ಒರೆಸಿ ಇಡುವಾಗ ಬೆರಳು ಮಾತು ಕೇಳಲಿಲ್ಲ. ಗಾಜು ಮೇಜಿಗೆ ತಾಗಿ, ಉಗುರಿನಷ್ಟು ಚೂರು ಅಂಚಿನಿಂದ ಹಾರಿಹೋಯಿತು.

ಅತ್ತೆ ಅದನ್ನು ಬಟ್ಟೆಯಲ್ಲಿ ಸುತ್ತಿ ಮೂಲೆಗಿಟ್ಟರು. ಈಗೀಗ ಅವರ ಬೆರಳ ಗಂಟುಗಳು ಬಿಗಿಯುತ್ತಿದ್ದವು. ಇನ್ನೊಂದು ಗಾಜು ಉಜ್ಜುವುದು ಅವರಿಂದಾಗದು. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಅದೇ ಶಾಲೆಯಲ್ಲಿ ಗಣಿತ ಕಲಿಸುವ ಸೊಸೆ ಸಂಜೆ ಬಂದವಳು ಮೂಲೆಯಲ್ಲಿದ್ದ ಬಟ್ಟೆಯ ಗಂಟು ಬಿಚ್ಚಿದಳು.

“ಇಷ್ಟಕ್ಕೇ ಎಸೀತೀರಾ ಅತ್ತೆ?”

“ನಲವತ್ತು ವರ್ಷದಿಂದ ಕನ್ನಡಕ ಮಾಡ್ತಿದೀನಿ ಕಣೇ. ಗಾಜು ಹೋದ ಕಡೆ ನೋಟನೂ ಹೋಗತ್ತೆ. ಮಕ್ಕಳಿಗೆ ಮುಕ್ಕಾದ ಚಂದ್ರನ್ನ ತೋರಿಸ್ಲಾ?”

“ಅಮಾವಾಸ್ಯೆ ದಿನ ತೋರಿಸು, ಯಾರಿಗೂ ಗೊತ್ತಾಗಲ್ಲ,” ಎಂದರು ಮಾವ, ಕನ್ನಡಕದ ಕಡ್ಡಿಗೆ ತಿರುಪು ಹಾಕುತ್ತಾ.

ಸೊಸೆ ಕಾಗದ ಎಳೆದುಕೊಂಡಳು. “ಗಾಜಿನ ಹಿಂದೆ ಚಂದ್ರ ಎಷ್ಟು ಅಗಲ ಮೂಡ್ತಾನೆ, ಲೆಕ್ಕ ಹಾಕೋಣ. ಅದರಲ್ಲಿ ಈ ಮುಕ್ಕು ಎಲ್ಲಿ ಬರತ್ತೆ ನೋಡೋಣ. ಚಂದ್ರನ ಅಗಲದ ನೂರಹತ್ತು ಪಟ್ಟು ಅವನ ದೂರ. ಗಾಜಿನ ಈಚೆಗೂ ಅದೇ ಪ್ರಮಾಣ. ನಿಮ್ಮ ಗಾಜಿಗೆ ಬಿಂಬ ಎಷ್ಟು ದೂರದಲ್ಲಿ ಮೂಡತ್ತೆ?”

“ನೂರ ಮೂವತ್ತೆರಡು ಸೆಂಟಿಮೀಟರ್.” ನಿದ್ದೆಯಲ್ಲಿ ಕೇಳಿದ್ದರೂ ಅತ್ತೆ ಹೇಳುತ್ತಿದ್ದರು.

“ನೂರಹತ್ತರಿಂದ ಭಾಗಿಸಿ.”

ಅತ್ತೆಯ ತುಟಿ ಅಲುಗಿತು. “ಹನ್ನೆರಡು ಮಿಲಿಮೀಟರ್. ಅಂಗಿ ಗುಂಡಿಯಷ್ಟು. ಇಷ್ಟೇನಾ?”

“ಇಷ್ಟೇ. ದೊಡ್ಡದು ಮಾಡೋಕೆ ಕಣ್ಣ ಹತ್ರ ಇನ್ನೊಂದು ಗಾಜು ಇರತ್ತಲ್ಲ.”

ಅತ್ತೆ ಕಾಗದವನ್ನು ಆಚೆ ಈಚೆ ತಿರುಗಿಸಿದರು. “ಗಾಜಿನ ಅಗಲ ಎಲ್ಲಿ ಬಂತು ಇದರಲ್ಲಿ? ಮರೆತಿದೀಯ.”

“ಮರೆತಿಲ್ಲ. ಅದು ಬರೋದೇ ಇಲ್ಲ. ಗಾಜಿನ ಒಂದೊಂದು ಚೂರೂ ಇಡೀ ಚಂದ್ರನ್ನೇ ಮೂಡಿಸತ್ತೆ, ಎಲ್ಲ ಒಂದರ ಮೇಲೊಂದು, ಒಂದೇ ಜಾಗದಲ್ಲಿ. ಒಂದು ಚೂರು ಹೋದ್ರೆ ಬೆಳಕು ತುಸು ಕಮ್ಮಿ, ಅಷ್ಟೇ.”

“ಬಾಯಲ್ಲಿ ಹೇಳಿದ್ರೆ ನಂಬಲ್ಲ ನಾನು. ತೋರಿಸು.”

ಅಂದು ಹುಣ್ಣಿಮೆ. ಸೊಸೆ ಬೆಣ್ಣೆಕಾಗದದ ಮೇಲೆ ಹನ್ನೆರಡು ಮಿಲಿಮೀಟರಿನ ವೃತ್ತ ಬರೆದಳು. ಕಿಟಕಿಯಲ್ಲಿ ಗಾಜು ನಿಲ್ಲಿಸಿ, ಟೇಪು ಹಿಡಿದು ಅಳೆದು, ಅದರ ಹಿಂದೆ ಕಾಗದ ನಿಲ್ಲಿಸಿದಳು. ಮಾವ ದೀಪ ಆರಿಸಿದರು. ಎದುರುಮನೆಯ ಮಾಡು ದಾಟಿ ಚಂದ್ರ ಮೇಲೆ ಬಂದ. ಮೆಲ್ಲಗೆ ಸರಿಯುತ್ತಾ ಕಾಗದದ ವೃತ್ತದೊಳಗೆ ಕೂತ. ಕೂದಲೆಳೆಯಷ್ಟೂ ಆಚೆ ಚಾಚಲಿಲ್ಲ.

“ಕಲೆ ನೋಡಿ, ತಲೆಕೆಳಗಾಗಿದಾನೆ,” ಎಂದಳು ಸೊಸೆ.

“ನಿಮ್ಮಿಬ್ಬರ ವಾದ ಕೇಳಿ ಇನ್ನೇನಾಗ್ತಾನೆ,” ಎಂದರು ಮಾವ.

ಅತ್ತೆ ನಗಲಿಲ್ಲ. ಬಗ್ಗಿ ಬಿಂಬದ ಅಂಚನ್ನು ಸುತ್ತಲೂ ಹುಡುಕಿದರು. ಮುಕ್ಕು ಎಲ್ಲೂ ಇರಲಿಲ್ಲ. ಆಮೇಲೆ ಕಿಟಕಿಯ ಬಳಿ ಹೋಗಿ, ಅರ್ಧ ಗಾಜನ್ನು ಅಂಗೈಯಿಂದ ಮುಚ್ಚಿದರು. ಕಾಗದದ ಮೇಲೆ ಚಂದ್ರ ಮಂಕಾದ, ದುಂಡಗೇ ಇದ್ದ. ಇನ್ನಷ್ಟು ಮುಚ್ಚಿದರು. ಎರಡು ಬೆರಳಗಲ ಉಳಿದಾಗಲೂ ಇಡಿಯಾಗಿಯೇ ಇದ್ದ.

ತುಂಬ ಹೊತ್ತು ಅವರು ಕೈ ತೆಗೆಯಲಿಲ್ಲ.

“ಹೆಡ್‌ಮೇಷ್ಟ್ರಿಗೆ ಫೋನ್ ಮಾಡು,” ಎಂದರು ಕೊನೆಗೆ. “ಗಾಜು ಮುಕ್ಕಾಗಿದೆ ಅಂತ ಮೊದಲೇ ಹೇಳಿಬಿಡು. ಚಂದ್ರ ಮುಕ್ಕಾಗಲ್ಲ ಅನ್ನೋದನ್ನ ನಾನು ಹೇಳ್ತೀನಿ.”