ಒಗೆಯದ ತುಂಡು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ಶಾಲೆಯ ಗೇಟಿನಿಂದ ಎನ್ನುತ್ತೀರಿ. ಮಾಡಿ ನೋಡಿದೆ. ‘ಎಳೆಬಿಸಿಲಿನಲ್ಲಿ ಎತ್ತರದ ಕಬ್ಬಿಣದ ಗೇಟು ಮೆಲ್ಲನೆ ತೆರೆದುಕೊಂಡಿತು’ ಎಂದು ಬರೆಯುವಷ್ಟರಲ್ಲಿ ನನಗೇ ಆಕಳಿಕೆ ಬಂತು. ಎರಡನೇ ಸಲ ಪರೀಕ್ಷೆಯ ಫಲಿತಾಂಶದಿಂದ ಶುರು ಮಾಡಿದೆ. ಅರ್ಧ ಪುಟಕ್ಕೆ ಅದು ಕಥೆಯಾಗುವುದನ್ನು ಬಿಟ್ಟು ಬ್ರೋಷರ್ ಆಯಿತು. ಕೆಳಗೊಂದು ನಂಬರ್ ಹಾಕಿದ್ದರೆ ಯಾರಾದರೂ ಅಡ್ಮಿಷನ್ ಕೇಳಿ ಫೋನ್ ಮಾಡುತ್ತಿದ್ದರು. ಮೂರನೇ ಸಲ, ಬೇರೇನೂ ತೋಚದೆ, ವಾಷಿಂಗ್ ಮೆಷಿನ್‌ನಿಂದ ಶುರು ಮಾಡಿದೆ. ಶಾಲೆಗಳನ್ನು ಹೋಲಿಸುವ ಕಥೆಗೆ ವಾಷಿಂಗ್ ಮೆಷಿನ್ ಯಾಕೆ ಎಂದು ಈಗಲೇ ಕೇಳಬೇಡಿ, ಸ್ವಲ್ಪ ತಾಳಿಕೊಳ್ಳಿ. ಅದಂತೂ ಆಗಲೇ ತಿರುಗುತ್ತಿದೆ.

೨

ಸರಿಯಾಗಿ ಹೇಳಬೇಕೆಂದರೆ ತಿರುಗುತ್ತಿರುವುದು ಎಂಟು ಮೆಷಿನ್. ಎಂಟೂ ಬೇರೆ ಬೇರೆ ಕಂಪನಿಯವು, ಉದ್ದನೆಯ ಕೋಣೆಯಲ್ಲಿ ಗೋಡೆಗೆ ಒರಗಿ ಸಾಲಾಗಿ ನಿಂತಿವೆ. ಅವುಗಳ ಮುಂದೆ ಸ್ಟೂಲ್ ಹಾಕಿಕೊಂಡು ಕೂತವನು ನಮ್ಮ ಪರೀಕ್ಷಕ. ಗ್ರಾಹಕರ ಪತ್ರಿಕೆಯೊಂದಕ್ಕೆ ಕೊಡೆ, ಹಾಸಿಗೆ, ಇಸ್ತ್ರಿಪೆಟ್ಟಿಗೆ, ಮಿಕ್ಸಿ ಎಲ್ಲವನ್ನೂ ಹೋಲಿಸಿ ನೂರಕ್ಕೆ ಇಷ್ಟು ಎಂದು ಅಂಕ ಕೊಡುವುದು ಅವನ ಕೆಲಸ. ಈ ವಾರ ವಾಷಿಂಗ್ ಮೆಷಿನ್‌ಗಳ ಸರದಿ.

ಎಲ್ಲ ಮೆಷಿನ್‌ಗೂ ಒಂದೇ ನೀರು, ಒಂದೇ ಸೋಪು. ಮುಖ್ಯವಾಗಿ, ಒಂದೇ ಕೊಳೆ. ಅದಕ್ಕೆಂದೇ ಫ್ಯಾಕ್ಟರಿಯಲ್ಲಿ ತಯಾರಾದ ಬಿಳಿ ಬಟ್ಟೆಯ ಪಟ್ಟಿಗಳು ಬರುತ್ತವೆ. ಪ್ರತಿ ಪಟ್ಟಿಯ ಮೇಲೂ ಮಸಿ, ಕೋಕೋ, ಎಣ್ಣೆ, ರಕ್ತ ಹೀಗೆ ಕಲೆಗಳು ಅಳತೆ ಹಿಡಿದು ಹಾಕಿದಂತೆ ಕೂತಿರುತ್ತವೆ. ಮೆಷಿನ್‌ಗೊಂದು ಪಟ್ಟಿ. ತೊಳೆದಾದ ಮೇಲೆ ಯಾವುದು ಎಷ್ಟು ಬೆಳ್ಳಗಾಯಿತು ಎಂದು ಬೆಳಕು ಹಾಯಿಸಿ ಅಳೆಯುತ್ತಾನೆ. ಒಂದು ಪಟ್ಟಿಯನ್ನು ಮಾತ್ರ ಒಗೆಯದೆ ಡ್ರಾಯರ್‌ನಲ್ಲಿ ಇಟ್ಟಿರುತ್ತಾನೆ, ಮೊದಲು ಹೇಗಿತ್ತು ಎಂಬುದಕ್ಕೆ ಸಾಕ್ಷಿಯಾಗಿ.

(ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ, ಅವನ ಪಕ್ಕ ಇನ್ನೊಂದು ಸ್ಟೂಲ್ ಹಾಕಿಕೊಂಡು ನಾನೂ ಕೂತಿದ್ದೇನೆ. ಕಥೆ ಬರೆಯುವವರಿಗೆ ಯಾರೂ ಗೇಟ್ ಪಾಸ್ ಕೇಳುವುದಿಲ್ಲ.)

ಪಕ್ಕದ ಮನೆಯವರು ಫ್ಯಾನ್ ಕೊಳ್ಳುವ ಮೊದಲು ಇವನನ್ನು ಕೇಳುತ್ತಾರೆ, ನಾದಿನಿ ಕುಕ್ಕರ್ ಕೊಳ್ಳುವ ಮೊದಲು ಕೇಳುತ್ತಾಳೆ. ಊರಿಗೆಲ್ಲ ಮಿಕ್ಸಿ ಆರಿಸಿಕೊಟ್ಟ ಈ ಮನುಷ್ಯ ಸ್ವಂತ ಮಗಳಿಗೊಂದು ಹೈಸ್ಕೂಲು ಆರಿಸಲು ಒಂದು ತಿಂಗಳಿಂದ ಮೀನಮೇಷ ಎಣಿಸುತ್ತಿದ್ದಾನೆ.

೩

ಮಗಳನ್ನು ಮನೆಯಲ್ಲಿ ಕರೆಯುವುದು ಗಾಲಿ ಎಂದು. ನಡೆಯುವುದನ್ನು ಕಲಿಯುವ ಮೊದಲೇ ಓಡಿದಳಂತೆ. ಈಗಲೂ ಓಡುತ್ತಾಳೆ, ಎಂಟುನೂರು ಮೀಟರ್, ಸಾಮಾನ್ಯವಾಗಿ ನಾಲ್ಕನೆಯವಳಾಗಿ ಬರುತ್ತಾಳೆ. ಓದಿನಲ್ಲೂ ಹೆಚ್ಚುಕಡಿಮೆ ಹಾಗೇ. ನಗರದ ಎರಡು ದೊಡ್ಡ ಖಾಸಗಿ ಶಾಲೆಗಳು ಅವಳಿಗೆ ಸೀಟು ಕೊಟ್ಟಿವೆ.

ಒಂದು ಗಡಿಯಾರದ ಶಾಲೆ. ಗೋಪುರದ ಮೇಲೆ ದೊಡ್ಡ ಗಡಿಯಾರ, ಒಳಗೆ ಗಣಿತ, ವಿಜ್ಞಾನ, ಮೌನ. ಅಲ್ಲಿ ಓದಿದವರು ಹೆಸರು ಕೇಳಿದರೆ ಎದ್ದು ನಿಲ್ಲಬೇಕೆನಿಸುವ ಕಾಲೇಜುಗಳಿಗೆ ಹೋಗುತ್ತಾರೆ. ಇನ್ನೊಂದು ಕೊಳದ ಶಾಲೆ. ಈಜುಕೊಳ, ಓಟದ ಟ್ರ್ಯಾಕು, ಕೋಚುಗಳು. ಅಲ್ಲಿಯವರು ಪದಕ ಕೊರಳಿಗೆ ಹಾಕಿಕೊಂಡು ಅದೇ ಕಾಲೇಜುಗಳಿಗೆ ಬೇರೆ ಬಾಗಿಲಿನಿಂದ ಹೋಗುತ್ತಾರೆ. ಶುಕ್ರವಾರ ಸಂಜೆ ಐದರೊಳಗೆ ವೆಬ್‌ಸೈಟಿನಲ್ಲಿ ಯಾವುದಾದರೂ ಒಂದಕ್ಕೆ ಹ್ಞೂಂ ಎನ್ನಬೇಕು. ಸುಮ್ಮನಿದ್ದರೆ ಎರಡೂ ಸೀಟು ಕಾಯುತ್ತಿರುವ ಬೇರೆ ಮಕ್ಕಳಿಗೆ ಹೋಗುತ್ತವೆ.

ಪರೀಕ್ಷಕ ತನಗೆ ತಿಳಿದದ್ದನ್ನೇ ಮಾಡಿದ. ಓದಿಗೆ ನಲವತ್ತು ಅಂಕ, ಕ್ರೀಡೆಗೆ ಇಪ್ಪತ್ತು, ಕಾಲೇಜು ಪ್ರವೇಶಕ್ಕೆ ನಲವತ್ತು ಎಂದು ಇಟ್ಟ. ಗಡಿಯಾರದ ಶಾಲೆ ಗೆದ್ದಿತು. ಅನುಮಾನ ಬಂದು ಕ್ರೀಡೆಗೆ ಹತ್ತು ಹೆಚ್ಚು ಮಾಡಿದ. ಕೊಳದ ಶಾಲೆ ಗೆದ್ದಿತು. ಮತ್ತೆ ಐದು ಕಡಿಮೆ ಮಾಡಿದ. ಎರಡೂ ಸಮ ಬಂದವು.

ಅವನ ಹೆಂಡತಿ ಹಲ್ಲಿನ ಡಾಕ್ಟರು. ಕ್ಲಿನಿಕ್ಕು ಮನೆಯ ಕೆಳಗೇ ಇದೆ. ಹೆಗಲ ಮೇಲಿಂದ ಲ್ಯಾಪ್‌ಟಾಪ್ ಬಗ್ಗಿ ನೋಡಿ, “ಬಾಯೇ ತೆಗೆಸದೆ ಹಲ್ಲಿಗೆ ಮಾರ್ಕ್ಸ್ ಕೊಡ್ತಾ ಇದ್ದೀರಲ್ರೀ. ಒಂದ್ಸಲ ಹೋಗಿ ನೋಡ್ಕೊಂಡಾದ್ರೂ ಬನ್ನಿ” ಎಂದಳು.

೪

ಗಡಿಯಾರದ ಶಾಲೆಯಲ್ಲಿ ಅತಿಥಿಗಳನ್ನು ಸುತ್ತಾಡಿಸಲು ಒಬ್ಬ ವಿದ್ಯಾರ್ಥಿನಿ ಬಂದಳು. ನಮ್ಮ ಕಡೆ ಮುಖ ಮಾಡಿಕೊಂಡು ಹಿಮ್ಮುಖವಾಗಿ ನಡೆಯುತ್ತಲೇ ವಿವರಿಸಿದಳು. ಮೆಟ್ಟಿಲು ಬಂದಾಗಲೂ ತಿರುಗಿ ನೋಡಲಿಲ್ಲ. ಇದಕ್ಕೂ ಅಭ್ಯಾಸ ಮಾಡಿಸುತ್ತಾರಂತೆ.

ಗಾಲಿಯನ್ನು ಒಂದು ಪೀರಿಯಡ್ ಗಣಿತದ ಕ್ಲಾಸಿನಲ್ಲಿ ಕೂರಿಸಿ, ಪರೀಕ್ಷಕನನ್ನು ಪ್ರವೇಶ ಸಲಹೆಗಾರ್ತಿಯ ಕೋಣೆಗೆ ಕರೆದೊಯ್ದರು. ಗೋಡೆಯ ತುಂಬ ಕಾಲೇಜುಗಳ ಹೆಸರು, ಪ್ರತಿಯೊಂದರ ಮುಂದೆ ಈ ವರ್ಷ ಎಷ್ಟು ಸೀಟು ಸಿಕ್ಕವು ಎಂಬ ಸಂಖ್ಯೆ.

“ಇವು ಸೀಟುಗಳಾ, ಮಕ್ಕಳಾ?” ಪರೀಕ್ಷಕ ಕೇಳಿದ.

ಸಲಹೆಗಾರ್ತಿ ಕನ್ನಡಕ ತೆಗೆದು ನಕ್ಕಳು. “ಇಷ್ಟು ವರ್ಷದಲ್ಲಿ ಇದನ್ನ ಕೇಳಿದವರು ನೀವೇ ಮೊದಲು. ಸೀಟುಗಳು. ಒಬ್ಬಳೇ ಹುಡುಗಿಗೆ ಹನ್ನೊಂದು ಕಡೆ ಸಿಕ್ಕಿದೆ. ಅವಳು ಹೋಗೋದು ಒಂದಕ್ಕೇ, ಬೋರ್ಡಲ್ಲಿ ಹನ್ನೊಂದು ಸಲ ಇದ್ದಾಳೆ.”

“ಇವರೆಲ್ಲ ನಿಮ್ಮ ಹತ್ರ ಬರುವಾಗ ಹೇಗಿದ್ರು?”

“ಬರುವಾಗಲೇ ಚೆನ್ನಾಗಿದ್ರು. ಹನ್ನೆರಡು ಜನ ಪರೀಕ್ಷೆ ಬರೆದ್ರೆ ಒಬ್ಬರನ್ನ ತಗೋತೀವಿ.”

ಪರೀಕ್ಷಕನ ಮುಖ ಅರಳಿತು. ಕಾರಿನಲ್ಲಿ ಕೂತದ್ದೇ ಶುರು ಮಾಡಿದ. “ಗೊತ್ತಾಯ್ತಾ ಗಾಲಿ? ಬೆಳ್ಳಗಿರೋ ಬಟ್ಟೆನೇ ಆರಿಸಿ ಆರಿಸಿ ಒಳಗೆ ಹಾಕ್ತಾರೆ. ಹೊರಗೆ ತೆಗೆದು, ನೋಡಿ, ನಮ್ಮ ಮೆಷಿನ್ನು ಎಷ್ಟು ಬೆಳ್ಳಗೆ ಒಗೆಯುತ್ತೆ ಅಂತಾರೆ. ಹಾಗೆ ಮಾಡಿದ್ರೆ ಬಕೆಟ್ಟಿಗೂ ಫಸ್ಟ್ ರ್‍ಯಾಂಕ್ ಬರುತ್ತೆ.”

ಗಾಲಿ ಕಿಟಕಿಯ ಧೂಳಿನ ಮೇಲೆ ಬೆರಳಿನಿಂದ ತ್ರಿಕೋನ ಬರೆಯುತ್ತಿದ್ದಳು. ಕ್ಲಾಸಿನಲ್ಲಿ ಎಲ್ಲರೂ ಕೈ ಎತ್ತಿದ್ದ ಆ ತ್ರಿಕೋನದ ಲೆಕ್ಕ ಅವಳೊಬ್ಬಳಿಗೆ ಬಂದಿರಲಿಲ್ಲ.

“ನನ್ನನ್ನೂ ಆರಿಸಿದ್ರಲ್ಲ ಅಪ್ಪ. ನಾನು ಬೆಳ್ಳಗಿದ್ದೀನಾ, ಕೊಳೆ ಇದ್ದೀನಾ?”

ಪರೀಕ್ಷಕ ಇಂಡಿಕೇಟರ್ ಹಾಕಿದ. ಅಲ್ಲಿ ತಿರುವೇ ಇರಲಿಲ್ಲ.

೫ (ತಿದ್ದಿದ್ದು)

ಮರುದಿನ ಕೊಳದ ಶಾಲೆಯಲ್ಲಿ ಕೋಚು ಗಾಲಿಯನ್ನು ಅಭ್ಯಾಸದ ಓಟಕ್ಕೆ ಸೇರಿಸಿಕೊಂಡರು. ಗಾಲಿ ಎರಡನೆಯವಳಾಗಿ ಬಂದಳು.

“ಬಂದಿಲ್ಲ” ಎಂದಳು ಗಾಲಿ. ನನ್ನ ಕಥೆಯ ಹುಡುಗಿ ನನ್ನ ಮೇಜಿನ ಮುಂದೆ, ಬೆವರಿನಲ್ಲಿ ತೊಯ್ದ ಓಟದ ಬನಿಯನ್ನಿನಲ್ಲಿ ನಿಂತಿದ್ದಳು.

“ಓದುಗರಿಗೆ ಸ್ವಲ್ಪ ಸಂತೋಷ ಆಗ್ಲಿ ಅಂತ...”

“ನಾನು ಕೊನೆಗೆ ಬಂದೆ. ಕೊನೆ ಅಂದ್ರೆ ಎಷ್ಟು ಕೊನೆ ಅಂದ್ರೆ, ಬೇರೆಯವರು ಶೂ ಬಿಚ್ಚಿಯಾಗಿತ್ತು. ಹಾಗೇ ಬರೀರಿ.”

ಬರೆದಿದ್ದೇನೆ. ಗಾಲಿ ಕೊನೆಗೆ ಬಂದಳು. ಬೇಲಿಯಾಚೆ ನಿಂತಿದ್ದ ಪರೀಕ್ಷಕ ಆ ಹೊತ್ತಿಗೆ ಸರಿಯಾಗಿ ಫೋನ್ ನೋಡಿಕೊಂಡ. ಫೋನಿನಲ್ಲಿ ಏನೂ ಬಂದಿರಲಿಲ್ಲ. ಮಗಳು ಮಂಡಿಗೆ ಕೈಯೂರಿ ಏದುಸಿರು ಬಿಡುತ್ತ ಮೊದಲು ಬಂದವಳ ಕಾಲುಗಳನ್ನೇ ನೋಡುತ್ತಿದ್ದುದು ಅವನಿಗೆ ಕಾಣಲಿಲ್ಲ. ಅವಳು ನಗುತ್ತಿದ್ದಳು, ಅದನ್ನು ಕಂಡದ್ದು ನಾನು.

೬

ಗುರುವಾರ ಪರೀಕ್ಷಕ ನನ್ನ ಕಡೆ ಸ್ಟೂಲ್ ಎಳೆದುಕೊಂಡ.

“ನೋಡಿ, ಎರಡು ಮೆಷಿನ್ ಹೋಲಿಸಬೇಕು ಅಂದ್ರೆ ಒಂದೇ ಥರದ ಎರಡು ಪಟ್ಟಿ ಬೇಕು. ನನ್ನ ಹತ್ರ ಇರೋಳು ಒಬ್ಬಳೇ. ಎರಡೂ ಕಡೆ ಕಳ್ಸಿ ನೋಡೋಕಾಗಲ್ಲ. ನಿಮಗೆ ಆಗುತ್ತಲ್ಲ?”

ಹೊಗಳಿಕೆಗೆ ಸೋಲದ ಕಥೆಗಾರರು ಯಾರಿದ್ದಾರೆ? ನಾನು ಅಂಗಿಯ ತೋಳು ಮಡಚಿದೆ.

ಮೊದಲ ಕರಡಿನಲ್ಲಿ ಗಾಲಿಯನ್ನು ಗಡಿಯಾರದ ಶಾಲೆಗೆ ಕಳಿಸಿದೆ. ಅಲ್ಲಿ ಓಟದಲ್ಲಿ ಅವಳೇ ರಾಣಿ. ಮೂರು ವರ್ಷ ಮೂರು ಕಪ್. ಹಿಂದಿನಿಂದ ಅಟ್ಟಿಕೊಂಡು ಬರುವವರೇ ಇಲ್ಲದ್ದರಿಂದ ಎರಡನೇ ವರ್ಷವೇ ಅವಳಿಗೆ ಓಡುವುದು ಬೇಸರವಾಯಿತು. ಗಣಿತದಲ್ಲಿ ಮಾತ್ರ ಕೊನೆಯ ಬೆಂಚು. ಒಂದು ಮಧ್ಯಾಹ್ನ ಯಾರಿಗೂ ಹೊಳೆಯದ ಲೆಕ್ಕವೊಂದು ಅವಳಿಗೆ ಹೊಳೆಯಿತು, ಆದರೆ ಕೈ ಎತ್ತಿ ರೂಢಿಯಿಲ್ಲದೆ ಸುಮ್ಮನೆ ಕೂತಳು. ಇದನ್ನು ಬರೆಯುವಾಗ ನನಗೆ ತುಂಬ ಸಂಕಟವಾಯಿತು.

ಆ ಸಂಕಟದಲ್ಲೇ ಎರಡನೇ ಕರಡು ಬರೆದೆ. ಕೊಳದ ಶಾಲೆಯಲ್ಲಿ ಅವಳು ಓದಿನಲ್ಲಿ ಮೊದಲಿಗಳು, ಓಟದಲ್ಲಿ ಕೊನೆಯವಳು. ಅಲ್ಲಿ ಕ್ಲಾಸಿಗೆ ಕಾಲಿಟ್ಟ ದಿನವೇ ಕೈ ಎತ್ತಿದಳು. ಒಬ್ಬ ಒಳ್ಳೆಯ ಮೇಷ್ಟ್ರನ್ನೂ ಅವಳಿಗಾಗಿ ತಂದು ಕೂರಿಸಿದೆ.

ಪರೀಕ್ಷಕ ಎರಡನ್ನೂ ಓದಿ ತಲೆಯಾಡಿಸಿದ. “ಇದು ಅದೇ ಹುಡುಗಿ ಅಲ್ಲ. ಮೊದಲನೇ ಸಲ ಇವಳಿಗೆ ಏನಾಯ್ತು ಅಂತ ನಿಮಗೆ ಗೊತ್ತಾಗಿಬಿಟ್ಟಿದೆ, ಕನಿಕರ ಬಂದುಬಿಟ್ಟಿದೆ. ಒಂದ್ಸಲ ಒಗೆದ ಪಟ್ಟಿನ ನಾವು ಎರಡನೇ ಮೆಷಿನ್‌ಗೆ ಹಾಕಲ್ಲ.”

ಇಷ್ಟು ವರ್ಷ ಬರೆದು ಈ ಪಾಠವನ್ನು ಸೋಪಿನ ವಾಸನೆಯ ಕೋಣೆಯಲ್ಲಿ ಕಲಿಯಬೇಕಾಯಿತು. ಎರಡೂ ಕರಡು ಹರಿದೆ. ಆಗಲೇ ನನಗೊಂದು ಉಪಾಯ ಹೊಳೆದದ್ದು. ಡ್ರಾಯರ್‌ನಲ್ಲಿದೆಯಲ್ಲ, ಒಗೆಯದ ತುಂಡು? ಗಾಲಿಯನ್ನೂ ಹಾಗೇ ಬಿಟ್ಟುಬಿಡುವುದು. ಬೆರಳು ಗುಂಡಿಯ ಮೇಲೆ, ಇನ್ನೂ ಒತ್ತಿಲ್ಲ, ಅಲ್ಲಿಗೆ ಕಥೆ ನಿಲ್ಲುತ್ತದೆ. ಯಾವ ಶಾಲೆಯೂ ಮುಟ್ಟದ, ಏನು ಬೇಕಾದರೂ ಆಗಬಹುದಾದ ಹುಡುಗಿ. ಇಂಥ ಅಂತ್ಯಗಳೆಂದರೆ ವಿಮರ್ಶಕರಿಗೆ ಜೀವ. ನನಗೂ ಊಟದ ಹೊತ್ತಾಗಿತ್ತು.

೭

ಶುಕ್ರವಾರ, ನಾಲ್ಕೂವರೆ. ಮನೆಯ ಊಟದ ಮೇಜು, ಲ್ಯಾಪ್‌ಟಾಪ್ ತೆರೆದಿದೆ. ಒಂದು ಕಡೆ ಪರೀಕ್ಷಕ, ಇನ್ನೊಂದು ಕಡೆ ನಾನು, ನಡುವೆ ಗಾಲಿ. ಅವಳ ಬೆರಳನ್ನು ಗುಂಡಿಯ ಮೇಲಿಟ್ಟು ನಾನು ಪೆನ್ನಿನ ಮುಚ್ಚಳ ಹಾಕಿದೆ.

“ಇದೇನಿದು?” ಗಾಲಿ ಕೇಳಿದಳು.

“ಮುಕ್ತಾಯ.”

“ಅಡ್ಡಗೋಡೆ ಮೇಲೆ ದೀಪ ಇಡೋದು ನಿಮಗೆ ಸುಲಭ. ನೀವು ಊಟಕ್ಕೆ ಹೋಗ್ತೀರಿ. ಐದು ಗಂಟೆಗೆ ಸೀಟು ಹೋಗೋದು ನಂದು.”

ನನಗೆ ನಾಚಿಕೆಯಾಯಿತು. ಮುಚ್ಚಳ ತೆಗೆದೆ.

ಅವಳು ಅಪ್ಪನ ಕಡೆ ತಿರುಗಿದಳು. “ಎಲ್ಲಿ ಗೆಲ್ತೀನಿ, ಎಲ್ಲಿ ಗೆಲ್ತೀನಿ ಅಂತ ತಿಂಗಳಿಂದ ಲೆಕ್ಕ ಹಾಕ್ತಾ ಇದ್ದೀಯ ಅಪ್ಪ. ಈ ಕಥೆ ಬರೆಯೋರೂ ಅದನ್ನೇ ಮಾಡಿದ್ರು. ಎರಡು ಕಡೆನೂ ನಾನು ಒಂದರಲ್ಲಿ ಕೊನೆಗೆ ಇರ್ತೀನಿ. ಅಲ್ಲಿ ಲೆಕ್ಕದಲ್ಲಿ, ಇಲ್ಲಿ ಓಟದಲ್ಲಿ. ಎಲ್ಲಿ ಸೋತ್ರೆ ನಂಗೆ ಮಾರನೇ ದಿನ ಎದ್ದು ಮತ್ತೆ ಹೋಗ್ಬೇಕು ಅನ್ಸುತ್ತೆ? ಅದನ್ನ ಯಾರೂ ಕೇಳ್ಲಿಲ್ಲ.”

ಪರೀಕ್ಷಕ ಅವಳ ಕಡೆ ತಿರುಗಿ ಕೂತ. ಹೊಸ ಮೆಷಿನ್ ಬಂದಾಗ ಡಬ್ಬ ಬಿಚ್ಚುವ ಮೊದಲು ಅದರ ಸುತ್ತ ಒಂದು ಸಲ ಸುತ್ತುತ್ತಾನಲ್ಲ, ಆ ಕುತೂಹಲ ಅವನ ಕಣ್ಣಿನಲ್ಲಿತ್ತು. ಬೇಲಿಯಾಚೆ ಫೋನ್ ನೋಡಿಕೊಂಡದ್ದೂ ಬಹುಶಃ ನೆನಪಾಗಿರಬೇಕು.

“ನಂಗೆ ಇದಕ್ಕೆ ಅಂಕ ಕೊಡೋದು ಗೊತ್ತಿಲ್ಲ” ಎಂದ. ಆಮೇಲೆ ಕೇಳಿದ, “ಎಲ್ಲಿ?”

ಧೂಳಿನ ಮೇಲಿನ ತ್ರಿಕೋನ ನನಗೆ ಜ್ಞಾಪಕ ಬಂತು. ಟ್ರ್ಯಾಕಿನ ಮೇಲಿನ ನಗುವೂ ಬಂತು. ಎರಡನ್ನೂ ಬರೆದದ್ದು ನಾನೇ, ಆದರೂ ಯಾವುದು ಹೆಚ್ಚು ಎಂದು ಆಣೆ ಮಾಡಿ ಹೇಳಲಾರೆ.

ಗಾಲಿ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು ಗುಂಡಿ ಒತ್ತಿದಳು. ಮುಚ್ಚಿದಳು. ಎದ್ದು ಬಾಗಿಲ ಬಳಿ ಕೂತು ಶೂ ಲೇಸು ಬಿಗಿದಳು.

“ನನ್ನನ್ನ ಹಿಡಿದ್ರೆ ಹೇಳ್ತೀನಿ” ಎಂದು ಮೆಟ್ಟಿಲಿಳಿದಳು.

ಲ್ಯಾಪ್‌ಟಾಪ್ ಅಲ್ಲೇ ಇತ್ತಲ್ಲ, ತೆರೆದರೆ ಗೊತ್ತಾಗುತ್ತಿತ್ತಲ್ಲ ಎನ್ನುತ್ತೀರಿ. ನಾನೂ ಅದನ್ನೇ ಅಂದೆ. ಅಷ್ಟರಲ್ಲಿ ಪರೀಕ್ಷಕ ಆಫೀಸಿನ ಬೂಟಿನಲ್ಲೇ ಬಾಗಿಲು ದಾಟಿದ್ದ. ಕೆಳಗೆ ಕ್ಲಿನಿಕ್ಕಿನ ಬಾಗಿಲಲ್ಲಿ ಹಲ್ಲಿನ ಡಾಕ್ಟರು ಗ್ಲೌಸ್ ಹಾಕಿದ ಕೈ ಮೇಲೆತ್ತಿಕೊಂಡು, “ಯಾವುದಂತೆ?” ಎಂದಳು.

“ಗೊತ್ತಿಲ್ಲ ಕಣೇ” ಎಂದು ಓಡುತ್ತಲೇ ಕೂಗಿದ. ಇಪ್ಪತ್ತು ವರ್ಷ ಎಲ್ಲವನ್ನೂ ಅಳೆದು ತೂಗಿದವನ ಬಾಯಲ್ಲಿ ಆ ಮಾತು ಇಷ್ಟು ಖುಷಿಯಾಗಿ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಾನು? ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಚಪ್ಪಲಿಯಲ್ಲೇ ಹಿಂದೆ ಓಡಿದೆ. ಗಾಲಿ ಔಷಧದ ಅಂಗಡಿ ದಾಟಿದಳು, ಬಸ್ ಸ್ಟಾಪು ದಾಟಿದಳು. ಪರೀಕ್ಷಕ ಒಂದು ಕೈಯಿಂದ ಪಕ್ಕೆ ಹಿಡಿದುಕೊಂಡು, ನಿಲ್ಲದೆ, ಅವಳ ಕಾಲುಗಳನ್ನೇ ನೋಡುತ್ತ ಓಡುತ್ತಿದ್ದ. ಬೀದಿ ಮುಗಿಯುವಲ್ಲಿ ರಸ್ತೆ ಎರಡಾಗುತ್ತದೆ. ಅವಳು ಎಡಕ್ಕೆ ಹೋದಳೋ ಬಲಕ್ಕೆ ಹೋದಳೋ, ಅದನ್ನು ನೋಡುವಷ್ಟು ಹತ್ತಿರ ನಾವಿಬ್ಬರೂ ಇರಲಿಲ್ಲ.